ಮೊಮ್ಮಗಳ ಸರಕ್ಕೂ ಸುಂಕವೇ?

ಸೋದರಿಯರೇ, ನಿಮ್ಮ ಮಗಳೋ ತಂಗಿಯೋ ಹೊರದೇಶದಲ್ಲಿದ್ದರೆ ನನ್ನ ಈ ಅನುಭವ ನಿಮಗೆ ಉಪಯೋಗಕ್ಕೆ ಬಂದೀತು. ಹಾಗಿಲ್ಲದಿದ್ದರೂ, ಮನೆಯಲ್ಲಿ ಪುಟ್ಟ ಮಗುವಿದ್ದರೆ ದಯವಿಟ್ಟು ಕೊನೆಯವರೆಗೆ ಓದಿ.

ಆಷಾಢದ ಒಂದು ದಿನ. ನಮ್ಮ ಮೂಡಿಗೆರೆಯಲ್ಲಿ ಆಗ ಮಳೆ ಹಿಡಿಯಿತೆಂದರೆ ಬಿಡುವ ಮಾತೇ ಇಲ್ಲ. ಅಂಚೆಯವನು ಕೊಡೆ ಮಡಚಿ ಜಗಲಿಯಲ್ಲಿ ನಿಂತು, "ಅಮ್ಮಾ, ಫಾರಿನ್ ಪಾರ್ಸೆಲ್ ಬಂದಿದೆ, ಸುಂಕ ಕಟ್ಬೇಕಲ್ಲ" ಅಂದ. ಹೊರದೇಶದಲ್ಲಿರುವ ಮಗಳು ತನ್ನ ಅಣ್ಣನ ಮಗುವಿಗೆ, ಅಂದರೆ ನನ್ನ ನಾಲ್ಕು ವರ್ಷದ ಮೊಮ್ಮಗಳಿಗೆ, ಹುಟ್ಟುಹಬ್ಬದ ಉಡುಗೊರೆ ಕಳಿಸಿದ್ದಳು. ಬಿಚ್ಚಿದರೆ ಒಂದು ಮಣಿಸರ, ಪದಕವಿರುವ ಇನ್ನೊಂದು ಸರ, ಎರಡು ಬಳೆ, ಚಿಟ್ಟೆ ಚಿತ್ರದ ಕೂದಲ ಕ್ಲಿಪ್ಪು, ಕೊರಳಿಗೆ ಸರ ತೊಟ್ಟ ಒಂದು ಗೊಂಬೆ. ಮಗುವಿಗೆ ಸ್ವರ್ಗವೇ ಸಿಕ್ಕಿತು. ನನಗೆ ಮಾತ್ರ ದುಡ್ಡು ಕೊಟ್ಟ ಸಂಕಟ.

ಆ ವಾರವೇ ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ನಮ್ಮ ಭಾವ ಬಂದರು. ಕಸ್ಟಮ್ಸ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸಿಕ್ಕಿದ್ದೇ ಸಮಯ ಅಂತ ಜಗಳ ತೆಗೆದೆ. "ಅಲ್ಲ ಭಾವ, ಚಿನ್ನವಲ್ಲ, ಬೆಳ್ಳಿಯಲ್ಲ. ನಾಲ್ಕು ದಿನಕ್ಕೆ ಕಪ್ಪಾಗೋ ಸರಕ್ಕೂ ಸುಂಕವಾ?"

ಭಾವ ನಕ್ಕರು. "ಕಾಫಿ ಮನೆಯವಳು ನೀನು. ಒಂದೇ ಹಣ್ಣು. ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್, ಇಡಿಯಾಗಿ ಒಣಗಿಸಿದರೆ ಚೆರಿ. ಹೆಸರು ಬೇರೆ, ಬೆಲೆ ಬೇರೆ. ಕಸ್ಟಮ್ಸ್‌ನವರದ್ದೂ ಇದೇ ಆರಿಸೋ ಕೆಲಸ."

ಆಮೇಲೆ ಬಿಡಿಸಿ ಹೇಳಿದರು. ಪ್ರಪಂಚದ ಸರಕಿಗೆಲ್ಲ ಸಂಖ್ಯೆ ಕೊಡುವ ಒಂದು ಪದ್ಧತಿ 1988ರ ಜನವರಿ 1ರಿಂದ ಜಾರಿಯಲ್ಲಿದೆ. ಮೊದಲ ಆರು ಅಂಕಿ ಅದನ್ನು ಒಪ್ಪಿದ ದೇಶಗಳಿಗೆಲ್ಲ ಒಂದೇ. ನಮ್ಮಲ್ಲಿ ಎಂಟು ಅಂಕಿ. ಹುರಿಯದ ಕಾಫಿ ಬೀಜ 0901ರಲ್ಲಿ, ಅದೇ ಬೀಜದ ಇನ್‌ಸ್ಟಂಟ್ ಪುಡಿ 2101ರಲ್ಲಿ. ಒಡವೆಯೂ ಹಾಗೆಯೇ. ಚಿನ್ನ ಬೆಳ್ಳಿಯದಾದರೆ 7113. ನಕಲಿ ಒಡವೆಯಾದರೆ 7117. ಮೇಲೆ ಬರೀ ಚಿನ್ನದ ನೀರು ಹಾಯಿಸಿದ್ದರೆ ಅದು ನಕಲಿಯೇ. ಆದರೆ ಒಂದೇ ಒಂದು ನಿಜವಾದ ಮುತ್ತು ಪೋಣಿಸಿದ್ದರೂ ಅದು 7117 ಅಲ್ಲ! ಕೂದಲ ಕ್ಲಿಪ್ಪು ಒಡವೆಯ ಸಾಲಿಗೇ ಬರುವುದಿಲ್ಲ, ಅದು ಬಾಚಣಿಗೆಯ ಜೊತೆ 9615ಕ್ಕೆ ಹೋಗುತ್ತದೆ. ಗಾಜಿನ ಬಳೆ 7018. ಗೊಂಬೆ, ಅದರ ಕೊರಳ ಸರವೂ ಸೇರಿ, ಆಟಿಕೆಯ 9503.

"ಎಲ್ಲಿಗೆ ಸೇರಿಸಿದರೇನು?" ಅಂದೆ. ಅಲ್ಲೇ ಇರುವುದಂತೆ ಗುಟ್ಟು. ಆಟಿಕೆಯ ಆಮದು ಸುಂಕ 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ನಕಲಿ ಒಡವೆಗೆ 2023ರಲ್ಲಿ ನೂರಕ್ಕೆ 25 ಅಥವಾ ಕಿಲೋಗೆ 600 ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಅಂತಾಯಿತು. ಬಿಲ್ಲಿನಲ್ಲಿ ಬೆಲೆ ಕಮ್ಮಿ ಬರೆಯಬಹುದು, ತಕ್ಕಡಿ ಸುಳ್ಳು ಹೇಳುವುದಿಲ್ಲವಲ್ಲ! ಹಾಗಾಗಿ ಮಕ್ಕಳ ಸರ ತರಿಸುವ ವ್ಯಾಪಾರಿಗೆ ಅದು ಆಟಿಕೆಯಲ್ಲ, ಒಡವೆ ಅನ್ನಿಸಿಕೊಂಡರೇ ಲಾಭ.

"ನಿನ್ನ ಪಾರ್ಸೆಲ್‌ಗೆ ಈ ತಕರಾರೇ ಇಲ್ಲ" ಅಂದರು ಭಾವ. ಸ್ವಂತ ಉಪಯೋಗಕ್ಕೆ ಅಂಚೆಯಲ್ಲಿ ಬರುವ ಸುಂಕದ ಸಾಮಾನಿಗೆಲ್ಲ 9804 ಎಂಬ ಒಂದೇ ಸಾಲು. ಉಡುಗೊರೆ ಅಂತ ಹೇಳಿ ಸುಂಕವಿಲ್ಲದೆ ಬಿಡಿಸಿಕೊಳ್ಳುವ ಸೌಲಭ್ಯ 2019ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಆಗ ಬಿಟ್ಟಿದ್ದು ಎರಡನ್ನೇ: ಜೀವ ಉಳಿಸುವ ಔಷಧಿ ಮತ್ತು ರಾಖಿ. ಅಣ್ಣತಮ್ಮಂದಿರ ರಾಖಿಗೆ ರಿಯಾಯಿತಿ, ಸೋದರತ್ತೆಯ ಸರಕ್ಕಿಲ್ಲ!

ನಾವು ಹೀಗೆ ಮಾತಾಡುತ್ತಿರುವಾಗಲೇ ಭಾವ ತಟ್ಟನೆ ಎದ್ದರು. "ಮಗು ಬಾಯಲ್ಲಿ ಏನಿದು?"

ಪುಟ್ಟಿ ಕಿಟಕಿಯಲ್ಲಿ ಮಳೆ ನೋಡುತ್ತಾ ಪದಕವನ್ನು ಚೀಪುತ್ತಿದ್ದಳು. ತೆಗೆದು ನೋಡಿದರೆ ಹಳದಿ ಮೆರುಗು ಅಂಚಿನಲ್ಲಿ ಎದ್ದುಹೋಗಿ, ಒಳಗೆ ಬೂದು ಬಣ್ಣದ ಲೋಹ ಕಾಣುತ್ತಿತ್ತು. ಎಷ್ಟು ದಿನದಿಂದ ಚೀಪುತ್ತಿದ್ದಳೋ, ನಾನು ಸುಂಕದ ದುಡ್ಡಿನ ಚಿಂತೆಯಲ್ಲಿ ಗಮನಿಸಿಯೇ ಇರಲಿಲ್ಲ.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2006ರಲ್ಲಿ ಶೂ ಜೊತೆ ಪುಕ್ಕಟೆ ಬಂದ ಪುಟ್ಟ ಪದಕವೊಂದನ್ನು ನುಂಗಿ ನಾಲ್ಕು ವರ್ಷದ ಮಗು ತೀರಿಕೊಂಡಿತಂತೆ. ಅದು ಹೆಚ್ಚುಕಡಿಮೆ ಪೂರ್ತಿ ಸೀಸ. ಆಮೇಲೆ ಅಲ್ಲಿ ಕಾನೂನು ಬಿಗಿಯಾಯಿತು. 2011ರಿಂದ ಮಕ್ಕಳ ಸಾಮಾನಿನಲ್ಲಿ ಸೀಸ ಹತ್ತು ಸಾವಿರದಲ್ಲಿ ಒಂದು ಪಾಲು ಮೀರಬಾರದು. ನಮ್ಮಲ್ಲಿ 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಆದರೆ ಆ ಆದೇಶ ಹೊರಟಿದ್ದು ಆಟಿಕೆಗೆ, ಒಡವೆಗಲ್ಲ. ಕಾಗದದಲ್ಲಿ ಅದರ ಹೆಸರು ಏನಾದರೂ ಇರಲಿ, ನಾಲ್ಕು ವರ್ಷದ ಮಗುವಿಗೆ ಅದು ಆಟದ ಸಾಮಾನೇ ತಾನೆ?

ಡಾಕ್ಟರು ರಕ್ತ ತೆಗೆದು ಸೀಸದ ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ನನ್ನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಮಗಳು ಫೋನಿನಲ್ಲಿ "ಅಮ್ಮಾ, ನಾನೇ ಕಳಿಸಿದ್ದಲ್ವಾ" ಅಂತ ಅತ್ತಳು. ಕಳಿಸಿದವಳು ನೀನು, ಕೊರಳಿಗೆ ಹಾಕಿದವಳು ನಾನು ಅಂದೆ. ದೇವರ ದಯೆ, ಹೆದರುವಂಥದ್ದೇನೂ ಇಲ್ಲವೆಂದು ಬಂತು.

ಆ ದಿನಗಳಲ್ಲಿ ಅಮ್ಮನ ನೆನಪು ಬಹಳ ಕಾಡಿತು. ಬೇಲಿಯಲ್ಲಿ ಸಿಗುವ ಗುಲಗಂಜಿ ಆಯ್ದು ನಾವು ಸರ ಮಾಡಿಕೊಂಡರೆ ಅಮ್ಮ ಕಿತ್ತೆಸೆಯುತ್ತಿದ್ದಳು. ಚಿನ್ನ ತೂಗಲು ಅಕ್ಕಸಾಲಿಗನಿಗೆ ಅದು ಬೇಕಿತ್ತು, ನಿಜ. ಆದರೆ ಅಗಿದು ನುಂಗಿದರೆ ವಿಷ. ತಕ್ಕಡಿಗೆ ಒಳ್ಳೆಯದಾದದ್ದು ಮಗುವಿನ ಬಾಯಿಗೆ ಒಳ್ಳೆಯದಲ್ಲವೆಂದು ಓದುಬರಹ ಬಾರದ ಅಮ್ಮನಿಗೆ ಗೊತ್ತಿತ್ತು.

ಸೋದರಿಯರೇ, ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ:

ಹೊರದೇಶದಿಂದ ಕಳಿಸುವವರಿಗೆ ಬರೀ 'ಗಿಫ್ಟ್' ಎಂದು ಬರೆಯಬೇಡಿ ಅನ್ನಿ. ಒಂದೊಂದು ವಸ್ತುವಿನ ಹೆಸರು, ಯಾವುದರಿಂದ ಮಾಡಿದ್ದು, ಬೆಲೆ ಎಷ್ಟು ಎಂದು ನಿಜ ಬರೆಯಲಿ.

ಮೂರು ವರ್ಷದೊಳಗಿನ ಮಗುವಿಗೆ ಮಣಿ, ಪದಕ ಬೇಡವೇ ಬೇಡ.

ಗಾತ್ರಕ್ಕೆ ಮೀರಿ ಭಾರವಾದ, ಮೆರುಗು ಏಳುವ ಲೋಹದ ಸರವನ್ನು ಮಗುವಿಗೆ ಕೊಡಬೇಡಿ. ತೊಳೆದರೆ ಸೀಸ ಹೋಗುವುದಿಲ್ಲ.

ನುಂಗಿದ ಅನುಮಾನ ಬಂದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಪುಟ್ಟಿ ಎರಡು ದಿನ ಅತ್ತಳು. ಆಮೇಲೆ ಹಳೇ ಸೀರೆಯ ಅಂಚು ಹೆಣೆದು ಒಂದು ಸರ ಮಾಡಿಕೊಟ್ಟೆ. ಅದನ್ನೂ ಚೀಪುತ್ತಾಳೆ. ಒಗೆದು ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತೇನೆ.