ಡ್ರಾಯಿಂಗ್ ಪೀರಿಯಡ್‌ನಲ್ಲಿ ಯಾರೂ ಹೊರಗಿರಬಾರದು

ಮಗು ಶಾಲೆಯಿಂದ ಬಂದೊಡನೆ ಗಣಿತದಲ್ಲಿ ಎಷ್ಟು ಅಂಕ ಬಂತೆಂದು ವಿಚಾರಿಸುತ್ತೀರಿ. ಡ್ರಾಯಿಂಗ್ ಪೀರಿಯಡ್‌ನಲ್ಲಿ ಯಾರ ಜೊತೆ ಕುಳಿತಿದ್ದೆ ಎಂದು ಎಂದಾದರೂ ಕೇಳಿದ್ದೀರಾ?

ಮದ್ರಸದಲ್ಲಿ ಓದಿ, ಬಳಿಕ ಬಿ.ಎ. ಮುಗಿಸಿ ಶಿಕ್ಷಕಿಯಾದವಳು ನಾನು. ತರಗತಿಯಲ್ಲಿ ಯಾವ ಮಗು ಒಂಟಿ ಎಂಬುದು ನನಗೆ ಬೇಗ ತಿಳಿಯುವುದು ಆ ಪೀರಿಯಡ್‌ನಲ್ಲೇ. ನನ್ನ ಐದನೇ ತರಗತಿಯಲ್ಲಿ ಕಿವಿ ಕೇಳಿಸದ ಒಬ್ಬ ಹುಡುಗಿ ಇದ್ದಾಳೆ. ಕೆಲಸ ಹುಡುಕಿಕೊಂಡು ಉತ್ತರ ಭಾರತದಿಂದ ಬಂದ ಕುಟುಂಬದ ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ. ಇನ್ನೊಬ್ಬಳ ತಾಯಿ ಬಂದು, "ಟೀಚರ್, ಮನುಷ್ಯರ, ಪ್ರಾಣಿಗಳ ಚಿತ್ರ ಬಿಡಿಸುವುದು ನಮ್ಮ ಮನೆಯಲ್ಲಿ ಆಗುವುದಿಲ್ಲ. ಆ ಹೊತ್ತು ಇವಳನ್ನು ಬೇರೆ ಕೂರಿಸಿ" ಎಂದರು.

ಅವರ ಅಳುಕು ನನಗೆ ಹೊಸತಲ್ಲ. ಜೀವಿಗಳ ಚಿತ್ರದ ಬಗ್ಗೆ ಉಲಮಾಗಳಲ್ಲಿ ಚರ್ಚೆ ಇದೆ. ಆದರೆ ಎಲೆ, ಹೂ, ಬಳ್ಳಿ, ರೇಖಾಕೃತಿಗಳಿಗೆ ಅಡ್ಡಿಯೇನು? ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲು ಕೊರೆದು ಅರಬಿ ಅಕ್ಷರಗಳನ್ನೇ ಕಿಟಕಿಯ ಜಾಲರಿ ಮಾಡಿದ್ದಾರೆ. ಬೀದರ್‌ನ ಬಿದರಿ ಪಾತ್ರೆಗಳ ಕಪ್ಪು ಮೈಮೇಲೆ ಬೆಳ್ಳಿಯ ಹೂಬಳ್ಳಿ ಹೊಳೆಯುತ್ತದೆ. ಇದನ್ನೆಲ್ಲ ಹೇಳಿದಾಗ ಅವರ ಮುಖ ಸಡಿಲವಾಯಿತು.

ಮರುವಾರ ಮಕ್ಕಳಿಗೆಲ್ಲ ಕೈವಾರ ಕೊಟ್ಟೆ. ಎಲ್ಲರದೂ ಒಂದೇ ಅಳತೆಯ ವೃತ್ತ. ಕೈವಾರದ ಅಗಲ ಬದಲಿಸದೆ ವೃತ್ತದ ಅಂಚಿನ ಮೇಲೆ ಗುರುತು ಹಾಕುತ್ತಾ ಹೋದರೆ ಸರಿಯಾಗಿ ಆರು ಗುರುತುಗಳು ಬೀಳುತ್ತವೆ. ಅವನ್ನು ಗೆರೆಯಿಂದ ಸೇರಿಸಿ ಕತ್ತರಿಸಿದರೆ ಆರು ಬದಿಯ ಬಿಲ್ಲೆ. ಜೇನುಗೂಡಿನಂತೆ ಅವು ಒಂದಕ್ಕೊಂದು ಸಂದಿಲ್ಲದೆ ಕೂಡಿಕೊಳ್ಳುತ್ತವೆ. ನಾನಿಟ್ಟ ನಿಯಮ ಒಂದೇ: ತಾಗುವ ಅಂಚಿನ ಬಣ್ಣವನ್ನು ಪಕ್ಕದವರೊಂದಿಗೆ ಒಪ್ಪಿಕೊಂಡೇ ಹಚ್ಚಬೇಕು.

ಆಗ ಮಾತಾಡದೆ ವಿಧಿಯಿರಲಿಲ್ಲ. ಕಿವಿ ಕೇಳಿಸದ ಹುಡುಗಿ ಬೆರಳಿನಿಂದ ಬಣ್ಣ ತೋರಿಸಿದಳು, ಉಳಿದವರು ಅವಳ ಸನ್ನೆ ಕಲಿತರು. ಆ ಹುಡುಗ "ಹಸಿರು", "ನೀಲಿ" ಎಂದು ಕನ್ನಡ ಶುರುಮಾಡಿದ. ಬೇರೆ ಕೂರಬೇಕಿದ್ದವಳು ಇಬ್ಬರ ನಡುವೆ ಕುಳಿತು ಬಳ್ಳಿ ಬಿಡಿಸಿದಳು. ಮೊದಲ ಬಹುಮಾನ, ಎರಡನೇ ಬಹುಮಾನ ಏನೂ ಇರಲಿಲ್ಲ. ಗೋಡೆಗೆ ಅಂಟಿಸುವಾಗ ನಡುವೆ ಒಂದು ಜಾಗ ಖಾಲಿ ಉಳಿಯಿತು. ಜ್ವರದಿಂದ ಬಾರದವನದು. "ಅವನು ಬರಲಿ ಟೀಚರ್, ನಾವು ತುಂಬುವುದು ಬೇಡ" ಎಂದರು ಮಕ್ಕಳು.

ಎಲ್ಲರ ಜೊತೆಗೆ ಇರುವ ಪಾಠ ಭಾಷಣದಿಂದ ಬರುವುದಿಲ್ಲ, ಕೈಕೆಲಸದಿಂದ ಬರುತ್ತದೆ. ಕಲೆ ಪ್ರತಿಭೆಯಿರುವ ನಾಲ್ವರಿಗಷ್ಟೇ ಅಲ್ಲ, ಎಲ್ಲ ಮಕ್ಕಳಿಗೂ ಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಅಂಗವಿಕಲ ಮಕ್ಕಳು ಇತರರೊಂದಿಗೇ ಕಲಿಯಬೇಕೆಂದು 2016ರ ಕಾನೂನು ಹೇಳುತ್ತದೆ. ಆದರೆ ಪಕ್ಕದಲ್ಲಿ ಜಾಗ ಬಿಡಬೇಕಾದವರು ನಮ್ಮ ನಿಮ್ಮ ಮಕ್ಕಳೇ.

ಆದ್ದರಿಂದ ಸಹೋದರಿಯರೇ, ಮನಸ್ಸಿಗೆ ಒಪ್ಪದ ಚಿತ್ರವಿದ್ದರೆ ಟೀಚರ್ ಬಳಿ ಧಾರಾಳವಾಗಿ ಹೇಳಿ. "ನನ್ನ ಮಗಳನ್ನು ಬಿಟ್ಟುಬಿಡಿ" ಎನ್ನಬೇಡಿ, "ಅವಳಿಗೆ ಏನು ಕೊಡುತ್ತೀರಿ?" ಎಂದು ಕೇಳಿ.