ಭಂಗಾರದಂಗಡಿಯ ಬಟನ್ ಬೋರ್ಡು

"ಮಾಸ್ತರ, ಮತ್ತ ಬಂದ್ರಿ? ನಿನ್ನೆನೇ ಇಡೀ ರಾಶಿ ಕೆದರಿ ಹೋಗೀರಲ್ಲ!"

ಜೇವರ್ಗಿಯ ಭಂಗಾರದಂಗಡಿಯವ ನನ್ನನ್ನು ಕಂಡೊಡನೆ ತಕ್ಕಡಿ ಬದಿಗಿಟ್ಟು ನಗುತ್ತಾನೆ. ನಮ್ಮ ಸೀಮೆಯಲ್ಲಿ ಗುಜರಿಗೆ ಭಂಗಾರವೆಂದೇ ಹೆಸರು. ಮಹಾಪ್ರಾಣ ಇಳಿಸಿದರೆ ಅದೇ ಬಂಗಾರ. ನಮ್ಮೂರು ಇಜೇರಿಯ ನಾಲಿಗೆಗೆ ಮಹಾಪ್ರಾಣದ ಹಂಗು ಅಷ್ಟಿಲ್ಲ. "ನಮ್ಮವರು ಬಂಗಾರ ತರಲಾಕ ಹೋಗ್ಯಾರ" ಎಂದು ನನ್ನಾಕೆ ಅಂದಾಗ ನೆರೆಮನೆಯವರು ಕಣ್ಣರಳಿಸಿದ್ದುಂಟು. ಸಂಜೆ ನನ್ನ ಚೀಲದಿಂದ ಉದುರಿದ್ದನ್ನು ನೋಡಿದ ಮೇಲೆ ಅವರು ಮತ್ತೆ ಆ ಸುದ್ದಿ ಕೇಳಲಿಲ್ಲ.

ನಿವೃತ್ತನಾದ ಮೇಲೆ ಒಂದು ಹಳೆಯ ಮಟಡೋರ್ ಕೊಂಡೆ. ಒಳಗೆ ಎರಡು ಹಲಗೆ ಮಂಚ, ಒಂದು ಒಲೆ, ನೀರಿನ ಡ್ರಮ್ಮು. ಗಾಣಗಾಪುರ, ಘತ್ತರಗಿ, ಪಂಢರಪುರ, ಶ್ರೀಶೈಲ, ಹೀಗೆ ಎಲ್ಲಿ ಹೊತ್ತು ಮುಳುಗಿತೋ ಅಲ್ಲೇ ಮನೆ. ಮನೆಯೆಂದ ಮೇಲೆ ಬಟನ್ ಬೋರ್ಡು ಬೇಕಲ್ಲ? ತಯಾರಾದದ್ದು ಸಿಗುತ್ತದೆ, ಫೋನಿನಲ್ಲಿ ಬೆರಳೊತ್ತಿದರೆ ಬಾಗಿಲಿಗೇ ಬರುತ್ತದೆ. ನಾನು ಒತ್ತಲಿಲ್ಲ. ರೊಟ್ಟಿ ಖಾನಾವಳಿಯಲ್ಲೂ ಸಿಗುತ್ತದೆ, ಆದರೆ ಅದನ್ನು ಬಡಿಯುವ ಸದ್ದು ಕೇಳಬೇಕೆಂದರೆ ಒಲೆಯ ಮುಂದೆಯೇ ಕೂಡಬೇಕು.

ಮೊದಲು ಹುಡುಕಬೇಕಾದದ್ದು ಬಟನ್ ಕೂಡಿಸುವ ಹಲಗೆ. ತಗಡು ಸುಲಭವಾಗಿ ಕೈಗೆ ಸಿಗುತ್ತದೆ, ಆದರೆ ಒಳಗೊಂದು ತಂತಿ ಸಡಿಲಿ ತಾಗಿದರೆ ಬೋರ್ಡಿಗೆ ಬೋರ್ಡೇ ಕರೆಂಟಿನ ದಾರಿಯಾಗುತ್ತದೆ. "ಮನ್ಯಾಗ ಶಹಾಬಾದ ಫರ್ಸಿ ಬಿದ್ದಾವಲ್ರಿ, ಅದನ್ನೇ ಹಚ್ರಿ" ಎಂದಳು ನನ್ನಾಕೆ, ಚೇಷ್ಟೆಗೆ. ಅವಳಿಗೆ ಗೊತ್ತಿಲ್ಲದೆ ಚರಿತ್ರೆಯೇ ಅವಳ ಬಾಯಲ್ಲಿ ಬಂದಿತ್ತು. ಕರೆಂಟು ಹೊಸದಾಗಿದ್ದ ಕಾಲದಲ್ಲಿ ವಿದ್ಯುತ್ ಕೇಂದ್ರಗಳ ದೊಡ್ಡ ಬೋರ್ಡುಗಳನ್ನು ಕಲ್ಲಿನಲ್ಲೇ ಮಾಡುತ್ತಿದ್ದರು: ಸ್ಲೇಟು, ಅಮೃತಶಿಲೆ. ನಾನು ಮೂವತ್ತು ವರ್ಷ ಮಕ್ಕಳ ಪಾಟಿಯಲ್ಲಿ ಕಂಡ ಕಲ್ಲೇ ಆ ಸ್ಲೇಟು. 1907ರಲ್ಲಿ ಬೆಲ್ಜಿಯಂ ಮೂಲದ ಲಿಯೋ ಬೇಕಲಂಡ್ ಅಮೆರಿಕದಲ್ಲಿ ಬೇಕಲೈಟ್ ಎಂಬ ಪ್ಲಾಸ್ಟಿಕ್ ಕಂಡುಹಿಡಿದ ಮೇಲೆ ಕಲ್ಲಿನ ಕಾಲ ಮುಗಿಯುತ್ತ ಬಂತು. ನನ್ನ ಮಟಡೋರಿನಲ್ಲೂ ಕಲ್ಲು ನಡೆಯದು. ನಮ್ಮ ರಸ್ತೆಯ ಗುಂಡಿಗಳಿಗೆ ಫರ್ಸಿ ಮೂರು ದಿನ ತಾಳೀತೇ?

ನನ್ನ ಹಲಗೆ ಸಿಕ್ಕಿದ್ದು ಹೊಲದ ಮೋಟರಿನ ಸುಟ್ಟ ಸ್ಟಾರ್ಟರ್ ಡಬ್ಬಿಯೊಳಗೆ. ಕಂದು ಬಣ್ಣದ, ಬೆರಳಿನಿಂದ ತಟ್ಟಿದರೆ ಟಣ್ ಎನ್ನುವ ಹಾಳೆ. ಕಾಗದವನ್ನೋ ಬಟ್ಟೆಯನ್ನೋ ಪದರ ಪದರವಾಗಿ ರಾಳದಲ್ಲಿ ನೆನೆಸಿ, ಕಾಯಿಸಿ ಒತ್ತಿ ಮಾಡಿದ್ದು. ಹೈದರಾಬಾದಿನ ಕಂಪನಿಯ ಹೆಸರೇ ಅಂಟಿಕೊಂಡು ನಮ್ಮ ಮೆಕ್ಯಾನಿಕರ ಬಾಯಲ್ಲಿ ಅದು 'ಹೈಲಮ್ ಶೀಟ್'. ಒಂದು ಮೂಲೆ ಕರಕಲಾಗಿತ್ತು. ಆ ಮೂಲೆಯನ್ನು ಗರಗಸದಿಂದ ಕೊಯ್ದು ಬಿಸಾಡಿದೆ. ಸುಟ್ಟ ಜಾಗ ಇದ್ದಿಲಾಗಿರುತ್ತದೆ, ಇದ್ದಿಲಿನ ಮೇಲೆ ಕರೆಂಟು ಹರಿಯುತ್ತದೆ.

ಬಟನ್ನಿನ ವಿಷಯದಲ್ಲಿ ಮಾತ್ರ ಪೆಟ್ಟು ತಿಂದೆ. ಮನೆಯ ಹಳೆಯ ಬಟನ್ನೊಂದನ್ನು ನೀರಿನ ಪಂಪಿಗೆ ಹಾಕಿದೆ. ನಾಲ್ಕನೆಯ ದಿನ ಸುಟ್ಟ ವಾಸನೆ; ಬಟನ್ ಆರಿಸಿದರೂ ಪಂಪು ನಿಲ್ಲದು. ಲೆಕ್ಕ ಆಮೇಲೆ ಹಾಕಿದೆ. 100 ವ್ಯಾಟಿನ ಪಂಪು ಮನೆಯ 230 ವೋಲ್ಟಿನಲ್ಲಿ ಅರ್ಧ ಆಂಪಿಯರೂ ಎಳೆಯುವುದಿಲ್ಲ, 12 ವೋಲ್ಟಿನ ಬ್ಯಾಟರಿಯಿಂದ ಎಂಟಕ್ಕಿಂತ ಹೆಚ್ಚು ಎಳೆಯುತ್ತದೆ. ಬಟನ್ನಿನ ತಾಕತ್ತು 6 ಆಂಪಿಯರ್. ಜೊತೆಗೆ ಇನ್ನೊಂದು ಸೂಕ್ಷ್ಮ. ಮನೆಯ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗಿಳಿದು ಏಳುತ್ತದೆ, ಬಟನ್ ಬಿಡುವಾಗ ಹಾರುವ ಕಿಡಿ ಆ ಸೊನ್ನೆಯಲ್ಲಿ ಆರಿಹೋಗುತ್ತದೆ. ಬ್ಯಾಟರಿಯ ಕರೆಂಟಿಗೆ ಆ ಬಿಡುವಿಲ್ಲ. ಕಿಡಿ ಎಳೆದುಕೊಂಡೇ ನಿಂತು ಒಳಗಿನ ಲೋಹವನ್ನು ತಿನ್ನುತ್ತದೆ. ಮರುದಿನವೇ ಭಂಗಾರದ ರಾಶಿಯಿಂದ ಟ್ರ್ಯಾಕ್ಟರಿನ ಹೆಡ್‌ಲೈಟಿನ ಎಳೆಯುವ ಬಟನ್ ಆರಿಸಿ ತಂದೆ. ಅದು ಹುಟ್ಟಿದ್ದೇ ಬ್ಯಾಟರಿಯ ಮನೆತನದಲ್ಲಿ. ಇಂದಿಗೂ ತಕರಾರಿಲ್ಲ. ಭಜನಾ ಮಂಡಳಿಯ ಮುರಿದ ಮೈಕ್‌ಸೆಟ್ಟಿನಿಂದ ಬಿಚ್ಚಿದ ಲೋಹದ ಮೂತಿಯ ನಾಲ್ಕು ಪುಟ್ಟ ಬಟನ್ನುಗಳು ದೀಪಗಳಿಗಾದವು. ಅರ್ಧ ಆಂಪಿಯರಿನ ಎಲ್‌ಇಡಿಗೆ ಅಷ್ಟು ಸಾಕು. ಅವನ್ನು ಒತ್ತಿದಾಗ ಬರುವ 'ಟಕ್' ಎಂಬ ಸದ್ದಿಗಾಗಿಯೇ ನಾನು ಹಗಲಲ್ಲೂ ಒಮ್ಮೊಮ್ಮೆ ದೀಪ ಹಚ್ಚುತ್ತೇನೆ.

ಫ್ಯೂಸಿನ ಡಬ್ಬಿಗಾಗಿ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಿದೆ, ಮನಸ್ಸು ತುಂಬದೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೂ ಹೋಗಿಬಂದೆ. ಅಂಗಡಿಯವ ಗಾಡಿ ಫ್ಯೂಸುಗಳ ಪೆಟ್ಟಿಗೆ ತೆರೆದಾಗ ಬಳೆಗಾರ ಕಟ್ಟೆಯ ಮೇಲೆ ಮಲಾರ ಬಿಚ್ಚಿದಂತಾಯಿತು. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಬಳೆ ಕೈಯ ಅಳತೆಗೆ, ಫ್ಯೂಸು ತಂತಿಯ ಅಳತೆಗೆ. ತಂತಿ ಕಾಯ್ದು ಹೊತ್ತುವ ಮೊದಲು ತಾನು ಕರಗಿಹೋಗುವುದೇ ಅದರ ಕೆಲಸ. ಸಣ್ಣ ತಂತಿಗೆ ಹಸಿರು ಫ್ಯೂಸು ತೊಡಿಸಿದರೆ ಫ್ಯೂಸು ಉಳಿಯುತ್ತದೆ, ಗಾಡಿ ಉರಿಯುತ್ತದೆ.

ಉಳಿದ ಸಾಮಾನು ಮನೆಯ ಅಟ್ಟದಲ್ಲೇ ಇತ್ತು. ತಗಡಿನ ತೂತಿನೊಳಗೆ ತಂತಿ ಹಾಯುವಲ್ಲಿ ಅಂಚು ಅದರ ಹೊದಿಕೆಯನ್ನು ಕೊಯ್ಯದಂತೆ ಸೈಕಲ್ ಟ್ಯೂಬಿನ ತುಂಡು. ಬೋರ್ಡಿನ ಚೌಕಟ್ಟಿಗೆ ಅಜ್ಜನ ಕಾಲದ ಬಾಗಿಲಿನ ಸಾಗವಾನಿ ಪಟ್ಟಿ. ಹೆಸರು ಬರೆಯಲು ನನ್ನದೇ ಕೈ. ಕೊಂಡ ಬೋರ್ಡುಗಳ ಮೇಲೆ ಚಿತ್ರಗಳಿರುತ್ತವೆ. ನನ್ನದರ ಮೇಲೆ ದುಂಡಕ್ಷರದಲ್ಲಿ ದೀಪ, ಗಾಳಿ, ನೀರು, ಹಾಡು ಎಂದಿದೆ.

ಮೂರು ತಿಂಗಳು ಹಿಡಿದ ಈ ಬೋರ್ಡನ್ನು ನೋಡಿ ಭಂಗಾರದಂಗಡಿಯವ ಅಂದ: "ಇಷ್ಟ ರೊಕ್ಕದಾಗ ಹೊಸಾದೇ ಬರ್ತಿತ್ತಲ್ರಿ ಮಾಸ್ತರ!" ಬರುತ್ತಿತ್ತು, ನಿಜ. ಆದರೆ ಕತ್ತಲಲ್ಲಿ ಶ್ರೀಶೈಲದ ಘಾಟಿನಲ್ಲಿ ದೀಪ ಆರಿದರೆ ಯಾವ ತಂತಿ ಯಾವ ತಿರುಪಿನ ಕೆಳಗಿದೆಯೆಂದು ನನ್ನ ಬೆರಳಿಗೆ ಗೊತ್ತು. ಕೊಂಡ ಬೋರ್ಡಿನ ಬೆನ್ನನ್ನು ಯಾರೂ ನೋಡಿರುವುದಿಲ್ಲ.

ನೀವೂ ಹುಡುಕಲು ಹೊರಟರೆ ಒಂದು ಮಾತು. ಹಲಗೆ ಹಳೆಯದಿರಲಿ, ಬಟನ್ ಹಳೆಯದಿರಲಿ, ಚೌಕಟ್ಟು ಅಜ್ಜನದೇ ಇರಲಿ. ತಂತಿ ಮತ್ತು ಫ್ಯೂಸು ಮಾತ್ರ ಹೊಸದನ್ನೇ ಕೊಳ್ಳಿ.