ತಬರನ ಕಥೆ ಮತ್ತು ಕಾಯುವವರ ಕಷ್ಟ

ಬಡವರ ಬವಣೆಯನ್ನು ತೋರಿಸುವ ಚಲನಚಿತ್ರಗಳು ನಮ್ಮಲ್ಲಿ ಹೇರಳವಾಗಿವೆ. ಕ್ರೂರಿಯಾದ ಒಬ್ಬ ಜಮೀನ್ದಾರ, ಕೊನೆಯಲ್ಲಿ ಅವನಿಗೆ ತಕ್ಕ ಶಾಸ್ತಿ. ಇಷ್ಟಾದರೆ ಪ್ರೇಕ್ಷಕ ಸಮಾಧಾನದಿಂದ ಮನೆಗೆ ಮರಳುತ್ತಾನೆ. ಗಿರೀಶ ಕಾಸರವಳ್ಳಿಯವರ 'ತಬರನ ಕಥೆ' ಆ ಸಮಾಧಾನವನ್ನು ಕೊಡುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ಈ ಚಿತ್ರಕ್ಕೆ 1986ನೆಯ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು. ತಬರನ ಪಾತ್ರ ವಹಿಸಿದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು.

ತಬರ ಸರ್ಕಾರದ ಕೆಳದರ್ಜೆಯ ನೌಕರ. ನಿವೃತ್ತನಾದ ಮೇಲೆ ಪಿಂಚಣಿಗಾಗಿ ಅಲೆಯುತ್ತಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೊಳೆಯತೊಡಗಿದೆ. ಚಿಕಿತ್ಸೆಗೆ ಹಣ ಬೇಕು; ಬರಬೇಕಾದ ಹಣ ಸರ್ಕಾರದ ಬಳಿಯಿದೆ. ಕೇಳಲು ಹೋದಲ್ಲೆಲ್ಲ ಒಂದು ನಿಯಮ ಎದುರಾಗುತ್ತದೆ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯಲು ತಿಂಗಳುಗಳು ಬೇಕು; ಗಾಯ ಮೇಲೇರಲು ಅಷ್ಟು ಕಾಲ ಬೇಡ. ಹೆಂಡತಿ ಸಾಯುತ್ತಾಳೆ, ತಬರನ ಬುದ್ಧಿಯ ಸ್ಥಿಮಿತ ತಪ್ಪುತ್ತದೆ.

ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಸೇವೆಯಲ್ಲಿದ್ದಾಗ. ನಿವೃತ್ತಿಯ ನಂತರ ನೋಡಿದಾಗ ಅದು ಬೇರೆಯೇ ಆಗಿ ಕಂಡಿತು. ಸೇವಾ ಪುಸ್ತಕದ ಹಳೆಯ ನಮೂದೊಂದಕ್ಕೆ ಸಹಿಯಿಲ್ಲವೆಂದು ನನ್ನ ಪಿಂಚಣಿ ಹನ್ನೊಂದು ತಿಂಗಳು ತಡವಾಯಿತು. ಸಹಿ ಮಾಡಬೇಕಾಗಿದ್ದ ಮುಖ್ಯೋಪಾಧ್ಯಾಯರು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು! ಆದರೂ ನಾನು ಕಾಯಬಲ್ಲವನಾಗಿದ್ದೆ. ಮಗನ ಸಂಬಳವಿತ್ತು, ಊರಿನಲ್ಲಿ ಸ್ವಲ್ಪ ತೋಟವಿತ್ತು. ಕಚೇರಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂರುತ್ತಿದ್ದ ನಿವೃತ್ತ ಜವಾನರೊಬ್ಬರು ಬಸ್ಸಿನ ಖರ್ಚಿಗೂ ಸಾಲ ಮಾಡಿ ಬರುತ್ತಿದ್ದರು. "ಮುಂದಿನ ವಾರ ಬನ್ನಿ" ಎಂಬ ಉತ್ತರ ಇಬ್ಬರಿಗೂ ಒಂದೇ. ಆ ಒಂದು ವಾರದ ಬೆಲೆ ಮಾತ್ರ ಇಬ್ಬರಿಗೂ ಒಂದೇ ಆಗಿರಲಿಲ್ಲ.

ಇದು ನಮ್ಮ ದೇಶದ ಪಾಡು ಮಾತ್ರವೆಂದು ತಿಳಿಯಬೇಕಾಗಿಲ್ಲ. ಕೆನ್ ಲೋಚ್ ಅವರ 'ಐ, ಡೇನಿಯಲ್ ಬ್ಲೇಕ್' (2016) ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಬಡಗಿಯೊಬ್ಬನ ಕಥೆ. ಹೃದಯಾಘಾತವಾದ ಅವನಿಗೆ ವೈದ್ಯರು ಕೆಲಸ ಬೇಡವೆನ್ನುತ್ತಾರೆ. ಸರ್ಕಾರ ಅವನು ಕೆಲಸಕ್ಕೆ ಯೋಗ್ಯನೆಂದು ನೆರವು ನಿರಾಕರಿಸುತ್ತದೆ. ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಬೇಕು, ಅವನಿಗದು ಬಾರದು. ಮೇಲ್ಮನವಿಯ ವಿಚಾರಣೆಗೆಂದು ಹೋದ ದಿನವೇ ಅವನು ಅಲ್ಲಿ ಕುಸಿದು ಸಾಯುತ್ತಾನೆ.

ಇಂಥ ಚಿತ್ರಗಳು ನಿಧಾನವೆಂದು ದೂರುವವರಿದ್ದಾರೆ. ಕಾಯುವವನ ದಿನ ಎಷ್ಟು ದೀರ್ಘವೆಂಬುದು ಆ ನಿಧಾನದಿಂದಲೇ ನಮ್ಮ ಅನುಭವಕ್ಕೆ ಬರುತ್ತದೆ. ನನ್ನ ಶಿಷ್ಯರಲ್ಲಿ ಕೆಲವರು ಇಂದು ಕಡತಗಳಿಗೆ ಸಹಿ ಹಾಕುವ ಸ್ಥಾನಗಳಲ್ಲಿದ್ದಾರೆ. ಅವರು ಕಂಡಾಗಲೆಲ್ಲ ನಾನು ಕೇಳುವುದಿಷ್ಟೇ: "'ತಬರನ ಕಥೆ' ನೋಡಿದ್ದೀಯೇನಪ್ಪಾ?"